ಎರಡು ಬಾಗಿಲಿಗೆ ಒಂದೇ ಗಂಟು

ಪಾಲಿಬೆಟ್ಟದ ಕ್ಲಬ್ಬಿನ ಹುಲ್ಲಿನ ಮೇಲೆ ಮೂರು ಗಾಡಿ,
ಮೈಸೂರಿನಿಂದ ತಂದವು.
ಜೀಪೂ ಅಲ್ಲ, ಕಾರೂ ಅಲ್ಲ.
ಜೀಪಿನ ಎತ್ತರ, ಕಾರಿನ ನಯ,
ಬೆಲೆ ಮಾತ್ರ ಎರಡನ್ನೂ ಕೂಡಿಸಿ ಮತ್ತೆ ಕೂಡಿಸಿದಷ್ಟು.
ಚೋಂದಮ್ಮ ಹೇಳಿ ಕಳಿಸಿದ್ದರು:
‘ಇಂಜಿನ್ ನಾನು ನೋಡಿಕೊಳ್ಳುತ್ತೇನೆ ಮೊಯ್ದು,
ಒಳಗಿನದು ನೀನು ಹೇಳು.’

ಗೋಣಿಕೊಪ್ಪಲಿನಲ್ಲಿ ಇಪ್ಪತ್ತೆಂಟು ವರ್ಷ
ಸೀಟು ಹೊಲಿದವನು ನಾನು.
ಬಸ್ಸಿನದು, ಲಾರಿಯದು, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ.
ಆನೆ ಕೊಂಬು ತೂರಿಸಿದ ಜೀಪಿನ ಸೀಟಿಗೂ
ತೇಪೆ ಹಾಕಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.
ಅಂದು ಸೋಪು ಹಾಕಿ ಕೈ ತೊಳೆದೇ ಹೋದೆ.
ಆದರೂ ಶೋರೂಮಿನ ಹುಡುಗ ನಿಶ್ಚಲ್
ಮೊದಲು ನನ್ನ ಉಗುರು ನೋಡಿದ.

ಮೊದಲನೆಯದಕ್ಕೆ ಮೂಗು ಸಾಕಾಯಿತು.
ತೊಗಲಿಗೊಂದು ವಾಸನೆ,
ತೊಗಲಿನ ಸೆಂಟು ಬಳಿದ ಪ್ಲಾಸ್ಟಿಕ್ಕಿಗೆ ಇನ್ನೊಂದು.
ಡ್ಯಾಶ್‌ಬೋರ್ಡಿನ ಉದ್ದಕ್ಕೂ ಕೆಂಪು ದಾರ ಓಡಿತ್ತು,
ಇಂಚಿಗೆ ಆರು, ಲೆಕ್ಕ ತಪ್ಪಿಲ್ಲ.
ಉಗುರಲ್ಲಿ ಎತ್ತಿದೆ. ಏಳಲಿಲ್ಲ.
ಅಚ್ಚಿನಲ್ಲಿ ಎರೆದು ಬಣ್ಣ ಹಚ್ಚಿದ ದಾರ,
ಯಾವ ಎರಡನ್ನೂ ಹಿಡಿದಿಲ್ಲದ ಹೊಲಿಗೆ.
‘ಡಿಸೈನ್ ಅಂಕಲ್’ ಎಂದ ಹುಡುಗ.
ಇರಬಹುದು.

ಎರಡನೆಯದರಲ್ಲಿ ಮರ.
‘ಅಸಲಿ’ ಎಂದ, ಬಾಗಿಲಿನ ಪಟ್ಟಿ ಸವರಿ ತೋರಿಸಿದ.
ಎಡ ಬಾಗಿಲಲ್ಲೊಂದು ಗಂಟು, ಕೋಳಿಮೊಟ್ಟೆಯಷ್ಟು,
ಅದಕ್ಕೊಂದು ಬಾಲ, ಮುಂಗಡೆಗೆ.
ಸುತ್ತಿ ಬಂದು ಬಲ ಬಾಗಿಲು ನೋಡಿದೆ:
ಅದೇ ಗಂಟು, ಅದೇ ಬಾಲ. ಹಿಂಗಡೆಗೆ.
ಒಂದು ಹಲಗೆ ಸೀಳಿ ಪುಸ್ತಕದಂತೆ ಬಿಡಿಸಿದ್ದರೆ
ಎರಡು ಬಾಲವೂ ಒಂದನ್ನೊಂದು ನೋಡಬೇಕಿತ್ತು,
ಕನ್ನಡಿಯಲ್ಲಿ ನೋಡಿದ ಹಾಗೆ.
ಇದು ಕಾಗದಕ್ಕೆ ಅಚ್ಚು ಹಾಕಿ ಅಂಟಿಸಿದ ಮರ.
ತಿರುಗಿದರೆ ಚೋಂದಮ್ಮ ನಗುತ್ತಿದ್ದರು.
ಸಿದ್ದಾಪುರದಲ್ಲಿ ಸಾಮಿಲ್ ನಡೆಸಿದವರು,
ಬೀಟೆಯ ದಿಮ್ಮಿಗೆ ಬೆರಳಲ್ಲಿ ತಟ್ಟಿ ರೇಟು ಹೇಳಿದವರು,
ನನಗಿಂತ ಮೊದಲೇ ಕಂಡಿದ್ದರು.
ನಾನು ಕಾಣುತ್ತೇನೋ ಇಲ್ಲವೋ ಎಂದು ಕಾದಿದ್ದರು.

ಮೂರನೆಯದು ಮಾತಾಡಲಿಲ್ಲ.
ಬಾಗಿಲು ಹಾಕಿದರೆ ಅಕ್ಕಿಡಬ್ಬಿಯ ಮುಚ್ಚಳದ ಸದ್ದು.
ಒಳಗೆಲ್ಲ ಕೆನೆಬಣ್ಣದ ತೊಗಲು,
ಹಸುವಿನ ಮೈಮೇಲೆ ಸೊಳ್ಳೆ ಕಚ್ಚಿದ ಗುರುತು
ಒಂದೆರಡು ಕಡೆ ಹಾಗೇ ಉಳಿದಿದೆ.
ಅಡಗಿಸಿಲ್ಲ. ಅದು ನನಗೆ ಹಿಡಿಸಿತು.
ಮೊಬೈಲ್ ಟಾರ್ಚು ಹಾಕಿಕೊಂಡು
ಹಿಂದಿನ ಸೀಟಿನ ಕೆಳಗೆ ತಲೆ ತೂರಿದೆ.
ಯಾರೂ ನೋಡದ ಜಾಗದಲ್ಲೇ
ನಮ್ಮ ಕಸುಬಿನವರು ಮೋಸ ಮಾಡುವುದು.

ಅಲ್ಲಿತ್ತು. ಮಿಷನ್ನು ಬಿಟ್ಟ ಅರ್ಧ ಇಂಚು,
ಅದರ ಮೇಲೆ ಮೂರು ಕೈಹೊಲಿಗೆ.
ದಾರದ ಬಣ್ಣ ಸ್ವಲ್ಪ ಬೇರೆ.
ಓರೆ, ನಾನು ಹಾಕುವ ಓರೆಗೆ ಎದುರು,
ಎಡಗೈಯವರು ಯಾರೋ.
ಕೊನೆಗೆ ಎರಡು ಸುತ್ತಿನ ಗಂಟು ಬಿಗಿದು
ತುದಿಯನ್ನು ಒಳಗೆ ಸಿಕ್ಕಿಸಿದ್ದಾರೆ.
ವಿರಾಜಪೇಟೆಯಲ್ಲಿ ಬಾವಾಕ ನನಗೆ
ತಲೆಗೆ ಮೊಟಕಿ ಕಲಿಸಿದ್ದು ಅದೇ ಗಂಟು.
ಯಾವ ದೇಶವೋ, ಶಿಫ್ಟು ಮುಗಿಯುವ ಹೊತ್ತೋ ಏನೋ,
ಕೋಟು ಹಾಕಿಕೊಂಡವರು ಮತ್ತೆ ಕೂತು ಹಾಕಿರಬೇಕು.
ಕುತ್ತಿಗೆ ಹಿಡಿದುಕೊಂಡರೂ ಸ್ವಲ್ಪ ಹೊತ್ತು
ಅಲ್ಲೇ ಮಲಗಿದ್ದೆ.

‘ಏನಾದ್ರೂ ಇದೆಯಾ?’ ನಿಶ್ಚಲನ ಮುಖ ಬಿಳುಚಿತ್ತು.
‘ಏನಿಲ್ಲ’ ಎಂದೆ. ‘ಇದೇ ಒಳ್ಳೆಯದು.’

ಚೋಂದಮ್ಮ ಮೂರರಲ್ಲೂ ಹತ್ತಿ ಇಳಿದರು.
ಕೊನೆಗೆ ಎರಡನೆಯದನ್ನೇ ತೆಗೆದುಕೊಂಡರು.
‘ಮಂಡಿಗೆ ಇದರ ಎತ್ತರ ಸರಿಹೋಗುತ್ತೆ.
ಆ ಕೆನೆಬಣ್ಣಕ್ಕೆ ನನ್ನ ಬೂಟು, ನನ್ನ ನಾಯಿ ಆಗಿಬರಲ್ಲ.
ಈ ಕಳ್ಳಮರಕ್ಕೆ ಮಾತ್ರ
ನೀನು ತೊಗಲು ಹೊದಿಸಿಬಿಡು.’

ಸೋಮವಾರ ಗಾಡಿ ಬರುತ್ತದೆ.
ದಾರದ ಬಣ್ಣ ಇನ್ನೂ ಗೊತ್ತು ಮಾಡಿಲ್ಲ.
ನಿನ್ನೆ ಹಳೆ ಚಿಂದಿಯ ಮೇಲೆ
ಎಡಗೈಯಲ್ಲಿ ಮೂರು ಹೊಲಿಗೆ ಹಾಕಿ ನೋಡಿದೆ,
ಬೆರಳಿಗೆ ಚುಚ್ಚಿತು.
ಕೂಲಿ ಹೇಳುವಾಗಲೇ
ಆನೆಯ ಬಾಕಿಯನ್ನೂ ಕೇಳಬೇಕು.
ಆ ಜೀಪು ಇವರದ್ದೇ.