ಅರವತ್ತಾರು ಅಡಿ

ಒಂಬತ್ತನೇ ತರಗತಿ, ಮಧ್ಯಾಹ್ನದ ಮೊದಲ ಪೀರಿಯಡ್ಡು.
ತಿತಿಮತಿಯ ಬಿಸಿಲು ಹೆಂಚಿನ ಸಂದಿಯಿಂದಿಳಿದು
ಹಾಜರಿ ಪುಸ್ತಕದ ಮೇಲೆ ಮಲಗಿದೆ.
ಬಿಸಿಯೂಟದ ಸಾರು ಇನ್ನೂ ಎಲ್ಲರ ಕಣ್ಣಲ್ಲಿ.
ನಾನು ಅಮೆರಿಕವನ್ನು ಪಶ್ಚಿಮಕ್ಕೆ ತಳ್ಳುತ್ತಿದ್ದೇನೆ
ಒಂದು ತುಂಡು ಸೀಮೆಸುಣ್ಣದಿಂದ.

ನಕಾಶೆಯಲ್ಲಿ ನದಿ ದಾಟುವುದು ಸುಲಭ.
ಸಾವಿರದ ಎಂಟುನೂರ ಅರವತ್ತೆರಡು:
ಬಂದು ಉತ್ತವನಿಗೆ ನೂರರವತ್ತು ಎಕರೆ.
ಅರವತ್ತೊಂಬತ್ತು: ಎರಡು ಕಡೆಯಿಂದ ಬಂದ ಕಂಬಿ
ನಡುದಾರಿಯಲ್ಲಿ ಕೂಡಿತು.
"ಕಂಬಿ ಅಂದ್ರೆ ನಮ್ಮ ಆನೆಬೇಲಿಯದ್ದಾ ಟೀಚರ್?"
ಚುಂಡ ಕೇಳಿದ.
ಹೌದಪ್ಪ, ಅದೇ.
ಈ ಜಿಲ್ಲೆಗೆ ರೈಲು ಬರಲಿಲ್ಲ,
ಸವೆದ ಕಂಬಿ ಮಾತ್ರ ಲಾರಿಯಲ್ಲಿ ಬಂದು
ಕಾಡಿನಂಚಿಗೆ ಅಡ್ಡ ನಿಂತಿತು.
ಅದು ಯಾವ ಯಾವ ಊರು ದಾಟಿಸಿತ್ತೋ
ಆನೆಗೂ ಗೊತ್ತಿಲ್ಲ, ನಮಗೂ.

ಬೈಸನ್ ಅಂದರೆ ಕಾಟಿ ಎಂದೆ.
ತಪ್ಪು, ಆದರೆ ಹತ್ತಿರದ ತಪ್ಪು.
ಮೂರು ಕೋಟಿ ಇದ್ದವು ಎಂದೆ. ನಂಬಲಿಲ್ಲ.
ತೊಗಲಿಗಾಗಿ ಕೊಂದರು, ಯಂತ್ರದ ಬೆಲ್ಟಿಗೆ, ಎಂದೆ.
ಹಿಂದಿನ ಬೆಂಚಿನಲ್ಲಿ ಯಾರೋ ಲೊಚಗುಟ್ಟಿದರು.
ಆಮೇಲೆ ಸುಧಾರಣೆ, ಎರಡು ಅಂಕದ ಪ್ರಶ್ನೆ:
ಗುಲಾಮರ ಬಿಡುಗಡೆ, ಹೆಂಗಸರ ಸಭೆ, ಹೆಂಡದ ವಿರೋಧ,
ಮೂಲದವರ ಮಕ್ಕಳಿಗೆ ದೂರದಲ್ಲೊಂದು ವಸತಿಶಾಲೆ,
ಮೊದಲ ದಿನವೇ ಕತ್ತರಿ.
(ನಮ್ಮ ಹಾಸ್ಟೆಲಿಗೂ ತಿಂಗಳಿಗೊಮ್ಮೆ ಕತ್ತರಿ ಬರುತ್ತದೆ.
ಹೇನಿಗಾಗಿ, ಅಷ್ಟೆ. ಅಷ್ಟೇ ಎಂದುಕೊಂಡಿದ್ದೆ.)

ಆವತ್ತು ಗೋಣಿಚೀಲದಲ್ಲಿ ಸರಪಳಿ ತಂದಿದ್ದೆ.
ಅಪ್ಪ ತೋಟದಲ್ಲಿ ರೈಟರ್ ಆಗಿದ್ದವರು.
ಬದುಕಿಡೀ ಬರೆದದ್ದು ಚೆಕ್‌ರೋಲು:
ಆಳು, ಅರ್ಧಾಳು, ಮುಂಗಡ, ಗೈರು.
ತೋಟ ಕೈಬದಲಾದಾಗ ಗೋದಾಮಿನ ಗುಜರಿಯಿಂದ
ಇದೊಂದನ್ನು ಹೊತ್ತು ತಂದರು, ಯಾಕೋ.
ಬಿಳಿ ದೊರೆಯ ಕಾಲದ್ದು.
ನೂರು ಕೊಂಡಿ, ಹಿತ್ತಾಳೆ ಹಿಡಿ, ಅರವತ್ತಾರು ಅಡಿ.
ಓಹಿಯೋ ಅಳೆದದ್ದು ಇಂಥದ್ದರಿಂದಲೇ,
ಈ ಗುಡ್ಡ ಅಳೆದದ್ದೂ.
ಹತ್ತು ಚದರ ಸರಪಳಿಗೆ ಒಂದು ಎಕರೆ.
ನೆಲ ಎಲ್ಲಿಯದಾದರೇನು,
ಕಬ್ಬಿಣಕ್ಕೆ ಒಂದೇ ಮಗ್ಗಿ.

ಜೆ.ಕೆ. ಗಂಗಿ ಎದ್ದು ನಿಂತಳು.
(ಜೆ.ಕೆ. ಅವಳ ಅಪ್ಪನೂ ಅಲ್ಲ, ಊರೂ ಅಲ್ಲ.
ಜೇನು ಕುರುಬ. ಹಾಜರಿ ಪುಸ್ತಕ
ಜಾತಿಯನ್ನೇ ಇನಿಷಿಯಲ್ ಮಾಡಿಕೊಂಡಿದೆ.)
ಈ ಜಾಗ ಮೊದಲು ಯಾರದ್ದು, ಎಂದು ಕೇಳುತ್ತಾಳೆ,
ನಾನು ಉತ್ತರ ಮಡಚಿಟ್ಟುಕೊಂಡೆ.
ಅವಳು ಕೇಳಿದ್ದು ಅದಲ್ಲ.
"ಒಂದು ತುದಿ ದೊರೆ ಹಿಡಿದ.
ಇನ್ನೊಂದು ಹಿಡಿದದ್ದು ಯಾರು?"

ಮುಳ್ಳು ಸವರಿ ಮುಂದೆ ನಡೆದವನು.
ಅವನ ಕಾಲಿನ ಜಿಗಣೆಯನ್ನು ಕಿತ್ತವನು.
ಯಾವ ಹಳ್ಳ ಬೇಸಿಗೆಯಲ್ಲೂ ಬತ್ತದೆಂದು ತೋರಿಸಿದವನು.
ಯಾವ ಮರ ದೇವರದೆಂದು ಹೇಳಿದವನು,
ಹೇಳಿ, ಅದಕ್ಕೂ ನಂಬರು ಬಿದ್ದದ್ದನ್ನು ಕಂಡವನು.
ಬಿಗಿ ಹಿಡಿ ಎಂದಾಗ ಬಿಗಿ ಹಿಡಿದವನು.
ಅಲ್ಲೂ ಒಬ್ಬ ಇದ್ದಿರಬೇಕು, ಹುಲ್ಲಿನ ಆ ಬಯಲಲ್ಲಿ.
ಪಠ್ಯದಲ್ಲಿ ಇಲ್ಲ.
ಯಾವುದೋ ಚೆಕ್‌ರೋಲಿನಲ್ಲಿ ಇದ್ದಾನು, ಅರ್ಧಾಳು ಎಂದು.
"ನಮ್ಮ ತಾತನ ತಾತನೇ ಇರಬೇಕು" ಅಂದಳು ಗಂಗಿ.
ಹೆಮ್ಮೆಯೋ ಏನೋ, ದನಿಯಲ್ಲಿ ತಿಳಿಯಲಿಲ್ಲ.

ಬೆಲ್ಲು.
ಕ್ರಿಕೆಟ್ ಪಿಚ್ಚು ಸರಿಯಾಗಿ ಒಂದು ಸರಪಳಿ ಎಂದು
ನಾನೇ ಹೇಳಿದ್ದೆ, ನಿದ್ದೆ ಬಿಡಿಸಲು.
ಚುಂಡ ಅದನ್ನು ಮೈದಾನಕ್ಕೆ ಎಳೆದೊಯ್ದ, ಝಣಝಣ.
ಒಂದು ಹಿಡಿ ಅವನ ಕೈಲಿ, ಇನ್ನೊಂದು ಗಂಗಿಯ ಕೈಲಿ.
ಎರಡೂ ಕಡೆ ಸಿಲ್ವರ್ ಓಕಿನ ಗೂಟ.

ನಾಲ್ಕನೇ ಚೆಂಡಿಗೆ ಚುಂಡ ನಿಂತುಬಿಟ್ಟ:
"ಟೀಚರ್, ಪಿಚ್ಚು ಉದ್ದ ಇದೆ."
ಟೇಪು ತಂದು ನೋಡಿದೆವು. ನಿಜ,
ಗೇಣುದ್ದ ಜಾಸ್ತಿ.
ಅಪ್ಪ ಹೇಳುತ್ತಿದ್ದರು: ಎಳೆದೆಳೆದು ಕೊಂಡಿ ಹಿಗ್ಗುತ್ತದೆ,
ಕಾಗದದಲ್ಲಿ ನೂರು ಎಕರೆ ಇದ್ದಲ್ಲಿ
ನೆಲದಲ್ಲಿ ನೂರೆರಡು.
ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಗಂಗಿ ಗೂಟ ಕಿತ್ತು
ಗೇಣು ಈಚೆ ನೆಟ್ಟಳು. ಕಲ್ಲಿನಿಂದ ಎರಡು ಏಟು.
"ಹಾಕು ಈಗ" ಅಂದಳು.