ಉಪ್ಪುಕಾಗದ

ಹಾರಂಗಿ ಹಿನ್ನೀರಿನ ಬೋಟ್ ಶೆಡ್ಡಿನಲ್ಲಿ
ಖರ್ಚು ಬರೆಯುವವಳು ನಾನು.
ಕುಶಾಲನಗರದ ಅಂಗಡಿ ಚೀಟಿ:
ಗ್ರೀಸು ಒಂದು ಡಬ್ಬ, ಉಪ್ಪುಕಾಗದ ಆರು ಹಾಳೆ.
ಯಾತಕ್ಕೆ ತಿಂಗಳಾಯರೇ, ಇದು ಸಿಹಿನೀರಲ್ಲವೇ?

ಉತ್ತರವಿಲ್ಲ. ಕಳಚಿದ ಪ್ರೊಪೆಲ್ಲರನ್ನು
ತೊಡೆಯ ಮೇಲಿಟ್ಟು ಉಜ್ಜುತ್ತಿದ್ದಾರೆ,
ಮಗುವಿನ ಕಿವಿಹಿಂದಿನ ಕೊಳೆ ತೆಗೆದಂತೆ.

ಮಲ್ಪೆಯಲ್ಲಾದರೆ ಹದಿನೈದೇ ದಿನ, ಅಂದರು ಆಮೇಲೆ.
ಸಾಸಿವೆಯಷ್ಟು ಬಂದು ಕಚ್ಚಿಕೊಳ್ಳುತ್ತದೆ ಚಿಪ್ಪು,
ಸುಣ್ಣದ ಮನೆ ಕಟ್ಟುತ್ತದೆ.
ಎಷ್ಟು ಡೀಸೆಲು ಕುಡಿದರೂ ಬೋಟಿಗೆ ಏದುಸಿರು.
ಇಗೋ, ಅಂಗೈಯ ಈ ಗೀರು ಅದರದೇ.

ಇಲ್ಲೇನಿದೆ? ಹಸಿರು ಲೋಳೆ.
ಕಾಫಿ ಪಲ್ಪಿಂಗಿನ ನೀರು ಇಳಿದ ವಾರ, ಕಂದು ಲೋಳೆ.
ಹೆಬ್ಬೆರಳಲ್ಲಿ ಒರೆಸಿದರೆ ಹೋಯಿತು.

ಎರಡು ಎಸಳು ಕನ್ನಡಿಯಾದವು.
ಮೂರನೆಯದರ ಬುಡದಲ್ಲಿ ಒಂದು ಬಿಳಿ ಉಂಗುರ,
ಹುಳು ಸತ್ತು ಉಳಿದ ಅಡಿಪಾಯ,
ಸೆಕೆಂಡ್ ಹ್ಯಾಂಡ್ ಬೋಟಿನ ಜೊತೆ
ಸಂಪಾಜೆ ಘಾಟಿ ಹತ್ತಿ ಬಂದದ್ದು.
ಅದರ ಸುತ್ತ ಉಜ್ಜಿದರು. ಅದನ್ನು ಬಿಟ್ಟರು.
ಮೇಲೆ ಗ್ರೀಸು ಸವರಿದರು, ತೆಳ್ಳಗೆ.

ನಾನು ನೋಡಿದೆ.
ನೋಡಿದ್ದು ಅವರಿಗೂ ಗೊತ್ತಾಯಿತು.

ಉಪ್ಪುಕಾಗದ, ಆರು ಹಾಳೆ.
ಷರಾ: ಬೇಕಾಗಿತ್ತು.