ಪಾವಶೇರಿನ ಎಣಿಕೆ

ಜೂನದಾಗ ತಕ್ಕಡಿ ಮ್ಯಾಲ ನಿಂದ್ರಿಸಿದರು. ಮೂವತ್ತೊಂಬತ್ತು ಕಿಲೋ.
ಬಾರಕೇರ ಸರ್ ನಕ್ಕರು: ಸಿಕ್ಕಳಲ್ಲ ನಮ್ಮ ಪಾವಶೇರು,
ಹುಟ್ಟು ಬ್ಯಾಡ ನಿನಗ, ಬಾಯಿ ಸಾಕು.
ಅವತ್ತಿನಿಂದ ಹಿಂದಿನ ಹಲಗಿ ನನ್ನ ಜಾಗ,
ಕೈಯಾಗ ಚುಕ್ಕಾಣಿ ಹಗ್ಗ.
ದೋಣಿಯೊಳಗ ಮುಂದ ನೋಡಾಕಿ ನಾ ಒಬ್ಬಾಕಿ.
ಉಳಿದ ನಾಲ್ಕೂ ಮಂದಿ
ತಾವು ಮುಟ್ಟೋ ದಂಡಿಗೆ ಬೆನ್ನು ಮಾಡೇ ಹೋಗತಾರ.

ಮುಂಜಾನೆ ಐದೂವರಿ. ಉಣಕಲ್ಲ ಕೆರಿ ಇನ್ನೂ ಕರಿ ಕಂಬಳಿ.
ಮೊದಲನೇ ಚಿಗರಿ ಬಸ್ಸು
ಎಲ್ಲಾ ದೀಪಾ ಹಚ್ಚಿಕೊಂಡು, ಯಾರನ್ನೂ ಹತ್ತಿಸಿಕೊಳ್ಳದ
ಧಾರವಾಡದ ಕಡೆ ಹೊಂಟಿರತಿತ್ತು.
ಸಾಂಗಲಿಯಿಂದ ತಂದ ಹಳೇ ದೋಣಿ ನಾಲ್ಕು ಹೆಗಲ ಮ್ಯಾಲ.
ನನ್ನ ಹೆಗಲು ಮುಟ್ಟತಿರಲಿಲ್ಲ,
ಅಂಗೈ ಹಚ್ಚಿ ನಡೀತಿದ್ದೆ, ಹೊತ್ತಂಗ ಮಾಡಿ.
ಅದರ ಹಳೇ ಹೆಸರಿನ ಮ್ಯಾಲ ನೀಲಿ ಬಣ್ಣ ಬಡಿದಿದ್ದರು.
ಬಿಸಲು ಬಿದ್ದಾಗ ಆ ಹೆಸರು ಮತ್ತ ಮ್ಯಾಲ ಬರತಿತ್ತು,
ಗೋಡಿ ಮ್ಯಾಲಿನ ಹಳೇ ಇಲೆಕ್ಷನ್ ಗುರುತಿನಂಗ.

ಆಷಾಢದಾಗ ಬರೇ ಗಾಳಿ.
ಗಾಳಿ ವೈರಿ ಅಲ್ಲ, ಬೀಗರು, ಅಂತಿದ್ದರು ಸರ್,
ಬಂದ್ರ ಇದ್ದಷ್ಟು ಹೊತ್ತು ತಡಕೋಬೇಕು.
ಶ್ರಾವಣಕ್ಕ ಅಂತರಗಂಗಿ ಅರ್ಧ ಕೆರಿ ನುಂಗಿತು.
ಎರಡು ವಾರ ಹುಟ್ಟು ಇಟ್ಟು ಕುಡುಗೋಲು ಹಿಡಿದ್ವಿ, ಎದಿಮಟ ನೀರಾಗ.
ಪ್ರೇಮಾ ಲಮಾಣಿಗೆ ಬೇರಿನೊಳಗ ಬೆಳ್ಳಿ ಕಾಲುಂಗುರ ಸಿಕ್ತು.
ತಿರುಗಿಸಿ ನೋಡಿದಳು. ಯಾರದೋ ಏನೋ ಅಂತ
ಮತ್ತ ನೀರಿಗೇ ಒಗದಳು.

ನನ್ನೆದುರಿಗೆ ಕೂಡಾಕಿ ರುಕ್ಸಾನಾ ಮುಲ್ಲಾ.
ಅಕಿ ಮೊಣಕಾಲು ನನಗ ಗಡಿಯಾರ.
ಅಕಿ ಹಿಂದ ಶಕುಂತಲಾ ಬೆಟಗೇರಿ,
ಭೂಗೋಳದಾಗ ಎರಡು ಸಲ ಫೇಲಾಗಿ
ನೀರಿನ ಸೆಳವು ಅಂಗೈಯಾಗ ಓದಾಕಿ.
ಪ್ರೇಮಾ. ತುದಿಗೆ ಎಸ್ತರ್ ಕಟ್ಟಿಮನಿ,
ಅಕಿ ಮುಖಾ ನಾ ನೋಡಿದ್ದೆಲ್ಲಾ ದಂಡಿ ಮ್ಯಾಲ;
ದೋಣಿಯೊಳಗ ಅಕಿ ಬರೇ ಒಂದು ಉಸಿರು.

ಒಂದ, ಎರಡ, ಅಂತ ಎಣಿಸತಿದ್ದೆ.
ನಡುನಡುವ ಬೈತಿದ್ದೆ, ಅವರವರ ಹೆಸರು ಹಿಡಿದು.
ಜನತಾ ಬಜಾರಿನಾಗ ನಮ್ಮವ್ವ ಬದ್ನಿಕಾಯಿ ಮಾರೋ ದನಿ ಅದು,
ಹೊಟ್ಟಿಯಿಂದ ಎದ್ದು ಬರೋದು.
ಹೈಸ್ಕೂಲಿನಾಗ ಅದನ್ನ ದುಪಟ್ಟಾದೊಳಗ ಮುಚ್ಚಿಟ್ಟಿದ್ದೆ.
ಕೆರಿ ಮ್ಯಾಲ ಬಿಟ್ಟರ ಆಚೆ ದಂಡಿಗೆ ಬಡಿದು ತಿರುಗಿ ಬರತಿತ್ತು,
ವಾಕಿಂಗ್ ಮಂದಿ ನಿಂತು ನೋಡತಿದ್ದರು.

ಫೆಬ್ರುವರಿ. ಹಾವೇರಿಯ ಹೆಗ್ಗೇರಿ ಕೆರಿ, ಆರು ಕಾಲೇಜು.
ಹಿಂದಿನ ರಾತ್ರಿ ನನ್ನ ದನಿ ಹೋತು.
ಹಿಪ್ಪಲಿ, ಜೇನತುಪ್ಪ, ಬಿಸಿನೀರು, ಎಸ್ತರಳ ಪ್ರಾರ್ಥನಾ,
ಏನೂ ನಡೀಲಿಲ್ಲ. ಬಾಯಿ ತೆರದರ ಬರೇ ಗಾಳಿ.
ಸರ್ ನನ್ನ ನೋಡಿದರು, ನೀರು ನೋಡಿದರು:
ಹೋಗ್ರಿ, ಮೂವತ್ತೊಂಬತ್ತು ಕಿಲೋ ಬಿಟ್ಟಿ ಹೊತ್ತೊಯ್ರಿ.

ನಿಶಾನಿ ಬಿತ್ತು.
ಗೆಣ್ಣಿಲೆ ದೋಣಿ ಅಂಚು ಬಡಿದೆ.
ಟಕ್. ಟಕ್.
ಮುನ್ನೂರು ಮೀಟರಿಗೆ ಗೆಣ್ಣು ಸುಲಿದು ನೀಲಿ ಬಣ್ಣಕ್ಕ ಕೆಂಪು ಹತ್ತಿತು.
ಆಮ್ಯಾಲ ಯಾವಾಗೋ ನಾ ಬಡಿಯೋದು ಬಿಟ್ಟಿದ್ದೆ.
ಹುಟ್ಟು ನಿಂತಿರಲಿಲ್ಲ.
ನಾಲ್ಕೂ ಒಮ್ಮೆಗೇ ಇಳೀತಾವ, ಒಮ್ಮೆಗೇ ಏಳತಾವ,
ರುಕ್ಸಾನಾ ತುಟಿ ಅಲುಗತಿತ್ತು,
ಒಂದ, ಎರಡ,
ನಡುನಡುವ ನಂದೇ ಬೈಗಳಾ, ಒಂದಕ್ಷರ ಬಿಡದಂಗ.

ಆರರಾಗ ಐದನೇದವರು ನಾವು.
ಆರನೇ ದೋಣಿ ಗುರಿಕಂಬಕ್ಕ ಡಿಕ್ಕಿ ಹೊಡದಿತ್ತು.
ಬಸ್ಸಿನಾಗ ಬಂಕಾಪುರ ದಾಟೋ ತನಕ ಯಾರೂ ಮಾತಾಡಲಿಲ್ಲ.
ಆಮ್ಯಾಲ ಶಕುಂತಲಾ ಮಿರ್ಚಿ ಪುಡಕಿ ಬಿಚ್ಚಿದಳು,
ದೊಡ್ಡದೊಂದು ಆರಿಸಿ ನನ್ನ ಕೈಯಾಗಿಟ್ಟಳು,
ಗೆಣ್ಣಿಗೆ ತಾಗದಂಗ.

ದೋಣಿ ಶೆಡ್ಡಿನಾಗ ಬೋರಲು ಮಲಗೇದ, ಮಳಿ ಬರೋ ತನಕ.
ಮೂರನೇ ದಿನಕ್ಕ ದನಿ ತಿರುಗಿ ಬಂತು, ಬಜಾರಿನಾಗ,
ಅವ್ವನ ಬುಟ್ಟಿ ಮಗ್ಗಲಕ್ಕ ಕುಂತಾಗ.
ಬಂದ ಮೊದಲನೇ ಮಾತು: ಎರಡ!
ಅವ್ವ ಹಿಂದಮುಂದ ನೋಡದ ಎರಡು ಕಿಲೋ ತೂಗಿ
ಗಿರಾಕಿ ಚೀಲಕ್ಕ ಸುರುವಿದಳು.
ಪಾಪ, ಆತ ಕೇಳಿದ್ದು ಅರ್ಧ.